ಗಾಳಿಯಿಲ್ಲದ ಸಭಾಂಗಣದಲ್ಲಿ ಗಾಳಿಯಂತ್ರ

ನಾಗಭೂಷಣ ಮೇಷ್ಟ್ರು ಹತ್ತೊಂಬತ್ತು ವರ್ಷಗಳಿಂದ ಹೊಳಲ್ಕೆರೆ ತಾಲ್ಲೂಕಿನ ವಿಜ್ಞಾನ ವಸ್ತುಪ್ರದರ್ಶನಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗುತ್ತಿದ್ದರು, ಹತ್ತೊಂಬತ್ತು ವರ್ಷಗಳಿಂದಲೂ ಬರಿಗೈಯಲ್ಲಿ ವಾಪಸ್ಸು ಬರುತ್ತಿದ್ದರು. ಪೂರ್ತಿ ಬರಿಗೈ ಅನ್ನುವುದೂ ತಪ್ಪು. ಭಾಗವಹಿಸಿದವರಿಗೆಲ್ಲ ಒಂದು ಪ್ರಮಾಣಪತ್ರ, ಒಂದು ಪೆನ್ನು ಕೊಡುತ್ತಿದ್ದರು. ಪೆನ್ನು ಬರೆಯುತ್ತಿರಲಿಲ್ಲ.

ಸುತ್ತಲಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಎದ್ದು ನಿಂತ ಮೇಲೆ, ಪ್ರದರ್ಶನಕ್ಕೆ ಬರುವ ಹತ್ತು ಶಾಲೆಗಳಲ್ಲಿ ಆರು ಗಾಳಿಯಂತ್ರವನ್ನೇ ಹೊತ್ತು ತರುತ್ತವೆ. ಥರ್ಮಾಕೋಲಿನ ಗುಡ್ಡ, ಹಸಿರು ಬಣ್ಣದ ಮರದ ಹೊಟ್ಟು, ಮೇಲೊಂದು ರೆಕ್ಕೆ. ಗುಡ್ಡದ ಹೊಟ್ಟೆಯೊಳಗೆ ಬ್ಯಾಟರಿ. ಗೋಡೆಯ ಚಾರ್ಟುಗಳು ಹಾರಿಹೋಗುತ್ತವೆಂದು ಸಭಾಂಗಣದ ಕಿಟಕಿಗಳನ್ನೆಲ್ಲ ಮುಚ್ಚಿ ಫ್ಯಾನು ಆರಿಸಿರುತ್ತಾರೆ. ತೀರ್ಪುಗಾರರು ಹತ್ತಿರ ಬಂದಾಗ ಮಗು ಬೆನ್ನ ಹಿಂದೆ ಗುಂಡಿ ಒತ್ತಿ, 'ಗಾಳಿ ಬೀಸಿದಾಗ ರೆಕ್ಕೆಗಳು ತಿರುಗುತ್ತವೆ' ಎಂದು ಒಪ್ಪಿಸುತ್ತದೆ. ಗಾಳಿ ಬೀಸುವುದಿಲ್ಲ, ರೆಕ್ಕೆ ತಿರುಗುತ್ತದೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಇದು ಮೋಸ ಎಂದು ಇಷ್ಟು ವರ್ಷದಲ್ಲಿ ಒಬ್ಬರಿಗೂ ಅನ್ನಿಸಿಲ್ಲ. ಫೋಟೋ ತೆಗೆಸುವಾಗ ಮುಖಕ್ಕೆ ಪೌಡರು ಹಚ್ಚುವುದಿಲ್ಲವೇ, ಹಾಗೆ.

ಈ ವರ್ಷ ಹತ್ತನೇ ತರಗತಿಯ ಬೃಂದಾ ಮೊದಲ ದಿನವೇ ತಕರಾರು ತೆಗೆದಳು.

"ಸಾರ್, ನಾನು ಬ್ಯಾಟರಿ ಹಾಕಲ್ಲ."

"ಹಾಕ್ದಿದ್ರೆ ತಿರುಗಾದು ಹೆಂಗಮ್ಮ?"

"ಗಾಳಿ ಬಂದ್ರೆ ತಿರುಗ್ತೈತೆ. ಬರ್ದಿದ್ರೆ ಇಲ್ಲ. ಯಾವಾಗ ತಿರುಗ್ತೈತೆ, ಯಾವಾಗ ನಿಲ್ತೈತೆ ಅಂತ ನೋಡಾದೇ ನನ್ನ ಪ್ರಾಜೆಕ್ಟು."

ಇಂಥ ಮಾತು ಕೇಳಿ ಮೇಷ್ಟ್ರಿಗೆ ರೋಮಾಂಚನವೇ ಆಯಿತು. ಬಿ.ಎಡ್. ಓದುವಾಗ ತಾವೂ ಹೀಗೆ ಇದ್ದೆವೆಂದು ನೆನಪಾಯಿತು. ಹುಡುಗಿ ಪಿವಿಸಿ ಪೈಪು ಸೀಳಿ ರೆಕ್ಕೆ ಮಾಡಿದಳು. ಆಟಿಕೆ ಕಾರಿನ ಮೋಟಾರನ್ನೇ ಡೈನಮೊ ಮಾಡಿ ಒಂದು ಪುಟ್ಟ ದೀಪಕ್ಕೆ ಜೋಡಿಸಿದಳು. ಕಂಪಾಸ್ ಬಾಕ್ಸಿನ ಕೋನಮಾಪಕಕ್ಕೆ ದಾರದಲ್ಲಿ ಪ್ಲಾಸ್ಟಿಕ್ ಚೆಂಡು ಇಳಿಬಿಟ್ಟು, ಅದು ಎಷ್ಟು ಓರೆಯಾಯಿತೆಂದು ನೋಡಿ ಗಾಳಿಯ ವೇಗ ಲೆಕ್ಕ ಹಾಕಿದಳು. ನಲವತ್ತು ದಿನ, ಬೆಳಿಗ್ಗೆ ಸಂಜೆ, ಶಾಲೆಯ ತಾರಸಿಯ ಮೇಲೆ ಒಬ್ಬಳೇ ಕೂತು ನೂರು ಪುಟದ ನೋಟ್‌ಬುಕ್ ತುಂಬಿಸಿದಳು. ಮೇಷ್ಟ್ರು ಆ ಪುಸ್ತಕವನ್ನು ಸ್ಟಾಫ್ ರೂಮಿನಲ್ಲಿ ಕೈಯಿಂದ ಕೈಗೆ ದಾಟಿಸಿ, 'ನಮ್ಮ ಹುಡುಗಿ ನೋಡ್ರಿ' ಎಂದು ಮೆರೆದರು.

ಅವಳ ಅಪ್ಪ ಜುಂಜಣ್ಣ ಗುಡ್ಡದ ಮೇಲಿನ ಗಾಳಿಯಂತ್ರಗಳ ಕಾವಲುಗಾರ. ಮಗಳಿಗೆ ದುರ್ಗದ ಕಾಲೇಜಿನಲ್ಲಿ ಸೈನ್ಸ್ ಓದುವ ಆಸೆ; ಅವನಿಗೆ ಹೆದರಿಕೆ. ಕೊನೆಗೆ ಮೇಷ್ಟ್ರ ಎದುರಿಗೇ ಒಂದು ಮಾತಿಗೆ ಬಂದ. "ನಂಗೇನು ತಿಳಿತೈತೆ ಸಾರ್? ಅಲ್ಲಿ ದೊಡ್ಡೋರು ಇವಳ್ದು ಚೆನ್ನಾಗೈತೆ ಅಂದ್ರೆ ದುರ್ಗಕ್ಕೆ ಕಳಸ್ತೀನಿ. ಇಲ್ಲಾಂದ್ರೆ ಇಲ್ಲೇ ಆರ್ಟ್ಸ್ ಓದ್ಕಳ್ಲಿ."

ಹೀಗೆ ಹುಡುಗಿಯ ಮುಂದಿನ ಬದುಕು ಹೊಳಲ್ಕೆರೆಯ ಒಂದು ಮುಚ್ಚಿದ ಸಭಾಂಗಣಕ್ಕೆ ಬಂದು ಕೂತಿತು.

ಮುಖ್ಯ ತೀರ್ಪುಗಾರರು ಶಿವಕುಮಾರಪ್ಪನವರು, ನಿವೃತ್ತ ಪ್ರಿನ್ಸಿಪಾಲರು. ಪ್ರದರ್ಶನದ ದಿನ ಬೆಳಿಗ್ಗೆ ಸಾಲಿನುದ್ದಕ್ಕೂ ಐದು ಗಾಳಿಯಂತ್ರಗಳು ಗರಗರ ತಿರುಗಿದ್ದನ್ನು ನೋಡಿ ತಲೆದೂಗಿಕೊಂಡು ಬಂದವರು, ಆರನೆಯದರ ಮುಂದೆ ಗಕ್ಕನೆ ನಿಂತರು.

"ಯಾಕಮ್ಮ, ಕೆಟ್ಟೋಗೈತಾ?"

"ಇಲ್ಲ ಸಾರ್. ಇಲ್ಲಿ ಗಾಳಿ ಇಲ್ಲ." ಬೃಂದಾ ನೋಟ್‌ಬುಕ್ ಚಾಚಿದಳು.

ಅವರು ಅದನ್ನು ಮುಟ್ಟಲಿಲ್ಲ. "ಊಟ ಆದ್ಮೇಲೆ ಇನ್ನೊಂದು ಸುತ್ತು ಬರ್ತೀನಿ. ಅಷ್ಟೊತ್ತಿಗೆ ರಿಪೇರಿ ಮಾಡ್ಕಂಡಿರು," ಎಂದು ಮುಂದಕ್ಕೆ ಹೋದರು.

ಮೇಷ್ಟ್ರ ಹತ್ತೊಂಬತ್ತು ವರ್ಷದ ಪೆನ್ನುಗಳೆಲ್ಲ ಕಣ್ಮುಂದೆ ಬಂದವು. ಅವರು ಕೆಟ್ಟವರಲ್ಲ, ಕೆಟ್ಟವರಾಗಿದ್ದರೆ ಹುಡುಗಿಯನ್ನು ಅವಳ ಪಾಡಿಗೆ ಬಿಟ್ಟು ಊಟಕ್ಕೆ ಹೋಗುತ್ತಿದ್ದರು. ಮಕ್ಕಳೆಲ್ಲ ಪಲಾವಿನ ಸಾಲಿನಲ್ಲಿ ನಿಂತಾಗ ಅವರು ಬೀದಿಯ ಅಂಗಡಿಗೆ ಓಡಿ ಒಂದು ಬ್ಯಾಟರಿ ತಂದು, ಹಲಗೆಯ ಕೆಳಗೆ ಟೇಪು ಸುತ್ತಿ, ಎರಡು ವೈರು ತಾಗಿಸಿದರು. ಡೈನಮೊ ತಾನು ಹುಟ್ಟಿದಾಗ ಮೋಟಾರಾಗಿದ್ದುದನ್ನು ನೆನೆಸಿಕೊಂಡು ಜೋರಾಗಿ ತಿರುಗಿತು. ಮಗುವಿಗೋಸ್ಕರ ತಾನೇ, ಎಂದು ಮೇಷ್ಟ್ರು ಬೆವರು ಒರೆಸಿಕೊಂಡರು.

ಅದೇ ಹೊತ್ತಿಗೆ ಶಿವಕುಮಾರಪ್ಪನವರೂ ಬೃಂದಾಳೂ ಒಟ್ಟಿಗೇ ಬಂದರು.

"ಹಾಂ! ಈಗ ನೋಡು, ಹೆಂಗೆ ತಿರುಗ್ತೈತೆ!" ಎಂದರು ತೀರ್ಪುಗಾರರು.

ಬೃಂದಾ ಮಿಕಿಮಿಕಿ ನೋಡಿದಳು. "ಸಾರ್, ಇದು ತಿರುಗಬಾರ್ದು," ಎಂದಳು.

"ಏನಂದೆ?"

"ಇಲ್ಲಿ ಗಾಳಿ ಇಲ್ಲ ಸಾರ್. ಏನೋ ತಪ್ಪಾಗೈತೆ. ಒಂದ್ನಿಮಿಷ."

ವೇದಿಕೆಯ ಮೇಲೆ ಸರಸ್ವತಿಯ ಫೋಟೋಕ್ಕೆ ಹಚ್ಚಿದ್ದ ಊದುಬತ್ತಿಯನ್ನು ಕಿತ್ತು ತಂದು ರೆಕ್ಕೆಯ ಮುಂದೆ, ಒಂದು ಮೊಳ ದೂರದಲ್ಲಿ ಹಿಡಿದಳು. ಹೊಗೆ ನೆಟ್ಟಗೆ ಮೇಲಕ್ಕೆ ಹೋಯಿತು. ಬಾಗಿಲು ಹಾಕಿಸಿದಳು, ರೆಕ್ಕೆ ತಿರುಗುತ್ತಲೇ ಇತ್ತು. ಶಿವಕುಮಾರಪ್ಪನವರನ್ನೇ ಎರಡು ಹೆಜ್ಜೆ ಹಿಂದೆ ಸರಿಯಲು ಹೇಳಿದಳು, ಅವರು ಸರಿದರು. ಒಂದೊಂದೇ ಕಾರಣ ಹಿಡಿದು, ಇದಲ್ಲ, ಇದೂ ಅಲ್ಲ ಎಂದು ಬಿಡಿಸುತ್ತ ಬಂದಳು. ಹೀಗೆ ಮಾಡಬೇಕೆಂದು ಎಂಟನೇ ತರಗತಿಯಿಂದ ಬೋರ್ಡಿನ ಮೇಲೆ ಬರೆದು ಬರೆದು ಕಲಿಸಿದವರು ನಾಗಭೂಷಣ ಮೇಷ್ಟ್ರೇ. ಈಗ ಅವರಿಗೆ ನಿಂತ ನೆಲ ಬಾಯಿಬಿಟ್ಟು ತಮ್ಮನ್ನು ನುಂಗಬಾರದೇ ಅನ್ನಿಸುತ್ತಿತ್ತು.

"ಶಭಾಷ್! ಎಂಥಾ ಸೂಕ್ಷ್ಮ!" ಎನ್ನುತ್ತಿದ್ದರು ಶಿವಕುಮಾರಪ್ಪನವರು. ಜನ ಸುತ್ತ ಸೇರಿದರು.

ಬೃಂದಾ ಹಲಗೆ ತಿರುವಿದಳು. ಬ್ಯಾಟರಿ ಟೇಪಿನ ಸಮೇತ ಕಣ್ಣಿಗೆ ಬಿತ್ತು.

ಶಿವಕುಮಾರಪ್ಪನವರ ಮುಖ ಕಪ್ಪಿಟ್ಟಿತು. ಜೇಬಿನಿಂದ ಇಲಾಖೆಯ ನಿಯಮದ ಹಾಳೆ ತೆಗೆದು, ಪ್ರಾಯಶಃ ಅದರ ಆಯುಷ್ಯದಲ್ಲೇ ಮೊದಲ ಸಲ ಬಿಡಿಸಿದರು. ಬಚ್ಚಿಟ್ಟ ವಿದ್ಯುತ್ ಮೂಲವಿದ್ದರೆ ಮಾದರಿ ಅನರ್ಹ ಎಂದು ಆರನೆಯ ನಿಯಮದಲ್ಲಿ ಅಚ್ಚಾಗಿತ್ತು. ಉಳಿದ ಐದು ಗುಡ್ಡಗಳ ಬಳಿ ನಿಂತ ಮೇಷ್ಟ್ರುಗಳು ತಮ್ಮ ಗುಡ್ಡಗಳನ್ನು ಮೆಲ್ಲಗೆ ಗೋಡೆಗೆ ಒತ್ತಿ ನಿಂತರು.

"ಸಾರ್, ಅದನ್ನ ಇಟ್ಟೋನು ನಾನು," ಎಂದರು ನಾಗಭೂಷಣ ಮೇಷ್ಟ್ರು. "ಊಟದ ಹೊತ್ನಾಗೆ. ಹುಡುಗೀದು ಏನೂ ತಪ್ಪಿಲ್ಲ."

ಶಿವಕುಮಾರಪ್ಪನವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ನೋಡ್ರಿ, ನೋಡ್ರಿ! ಶಿಷ್ಯೆ ಮಾಡಿದ ತಪ್ಪನ್ನ ತನ್ನ ತಲೆ ಮ್ಯಾಲೆ ಹಾಕ್ಕಳ್ತಾ ಅದಾರೆ. ಮೇಷ್ಟ್ರು ಅಂದ್ರೆ ಹಿಂಗಿರಬೇಕು!"

"ಇಲ್ಲ ಸಾರ್, ನಿಜವಾಗ್ಲೂ ನಾನೇ…"

"ಸಾಕು ಬಿಡ್ರಿ, ನಮಗೆ ಅರ್ಥ ಆಗ್ತೈತೆ."

ಮೇಷ್ಟ್ರು ಅಲ್ಲ ಅಲ್ಲವೆಂದಷ್ಟೂ ಇನ್ನಷ್ಟು ದೊಡ್ಡವರಾದರು. ಬ್ಯಾಟರಿ ಕೊಟ್ಟ ಅಂಗಡಿಯವನನ್ನು ಕರೆಸಿ ಎಂದರು. ಅದಕ್ಕೂ ಚಪ್ಪಾಳೆ ಬಿತ್ತು. ಬೃಂದಾ ಏನೋ ಹೇಳಲು ಬಾಯಿ ತೆರೆದಳು. ಯಾರೋ ಒಬ್ಬರು ಮೇಡಂ, "ಮೊದ್ಲು ಸಾರ್ ಕಾಲಿಗೆ ಬೀಳಮ್ಮ," ಎಂದು ಗದರಿ ಬಗ್ಗಿಸಿದರು. ಬಾಗಿದ ಆ ತಲೆಯನ್ನು ನೋಡಿ ಮೇಷ್ಟ್ರಿಗೆ ಅಳು ಬಂತು. ಅದನ್ನು ಕಂಡು ಉಳಿದವರಿಗೂ ಬಂತು. ಬೃಂದಾಳ ಯಂತ್ರ ಅನರ್ಹವಾಯಿತು, ಮೊದಲ ಬಹುಮಾನ ಪಕ್ಕದ ಮೇಜಿನ ಗಾಳಿಯಂತ್ರಕ್ಕೆ ಹೋಯಿತು. ಅದು ಬಹುಮಾನ ತಗೊಳ್ಳುವಾಗಲೂ ತಿರುಗುತ್ತಿತ್ತು. ಮಾದರಿ ಮಾರ್ಗದರ್ಶಿ ಶಿಕ್ಷಕರೆಂದು ನಾಗಭೂಷಣ ಮೇಷ್ಟ್ರಿಗೆ ಶಾಲು ಹೊದಿಸಿದರು.

ಜುಂಜಣ್ಣ ಪಾಳಿ ಮುಗಿಸಿ ಖಾಕಿ ಬಟ್ಟೆಯಲ್ಲೇ ಬಂದಿದ್ದ. ಬಾಗಿಲ ಬಳಿ ನಿಂತು ಎಲ್ಲವನ್ನೂ ನೋಡಿದ್ದ. ಬಸ್ ನಿಲ್ದಾಣದಲ್ಲಿ ಮೇಷ್ಟ್ರು ಅವನ ಕೈ ಹಿಡಿದುಕೊಂಡು, ನಡೆದದ್ದನ್ನು ಒಂದೂ ಬಿಡದೆ ಹೇಳಿದರು. ಅವನು ತಲೆ ತಗ್ಗಿಸಿ ಕೇಳಿದ.

"ನೀವು ಅಷ್ಟೆಲ್ಲ ಮೈಮ್ಯಾಲೆ ಹಾಕ್ಕಬ್ಯಾಡ್ರಿ ಸಾರ್. ಸೈನ್ಸು ಇವಳಿಗೆ ಬ್ಯಾಡ ಬಿಡ್ರಿ. ಇಲ್ಲೇ ಆರ್ಟ್ಸಿಗೆ ಹಾಕ್ತೀನಿ."

ಬೃಂದಾ ಅಳುತ್ತಿರಲಿಲ್ಲ. ಅತ್ತಿದ್ದರೆ ಮೇಷ್ಟ್ರಿಗೆ ಸುಲಭವಾಗುತ್ತಿತ್ತು. ಅವಳು ನೋಟ್‌ಬುಕ್ಕಿನ ಕೊನೆಯ ಪುಟ ತೆಗೆದು ಅವರ ಮುಂದೆ ಹಿಡಿದಳು.

"ಸಾರ್, ಇದನ್ನ ನೀವು ಓದಿರ್ಲಿಲ್ವಾ?"

'ಗಾಳಿ ಇಲ್ಲದ ಕೋಣೆಯಲ್ಲಿ ಈ ಯಂತ್ರ ತಿರುಗುವುದಿಲ್ಲ. ಪ್ರದರ್ಶನದ ದಿನ ಅದು ನಿಂತೇ ಇದ್ದರೆ ನನ್ನ ಪ್ರಯೋಗ ಸರಿ ಎಂದು ತಿಳಿಯಬೇಕು.' ಕೆಳಗೆ ಕೆಂಪು ಶಾಯಿಯಲ್ಲಿ ಮೇಷ್ಟ್ರದೇ ಸಹಿ, ತಾರೀಖು, 'ಅತ್ಯುತ್ತಮ' ಎಂಬ ಷರಾ. ಹಿಂದಿನ ಪುಟಕ್ಕೂ ಸಹಿ. ಅದರ ಹಿಂದಿನದಕ್ಕೂ.

"ಏನ್ ಬರ್ದಾಳೆ ಸಾರ್? ಅಲ್ಲೂ ತಪ್ಪಾ?" ಎಂದ ಜುಂಜಣ್ಣ.

"ಇಲ್ಲ ಜುಂಜಣ್ಣ. ಸರಿಯಾಗೇ ಬರ್ದಾಳೆ. ಓದ್ದೇ ಸಹಿ ಹಾಕಿದೋನು ನಾನು."

ಜುಂಜಣ್ಣನ ಕಣ್ಣು ತುಂಬಿ ಬಂತು. "ಎಂಥಾ ದೊಡ್ಡ ಮನಸು ಸಾರ್ ನಿಮ್ದು," ಎಂದು ಕೈಮುಗಿದು, ಮಗಳನ್ನು ಮುಂದೆ ಬಿಟ್ಟುಕೊಂಡು ಊರಿನ ಬಸ್ಸು ಹತ್ತಿದ.