ಕ್ಲಿಫರ್ಡ್ ಸುರಿಸಿದ ಹಿಮ

ಹಿಮದ ಹುಚ್ಚು ಹಿಡಿದವರ ಗೋಳು ಹಿಡಿದವರಿಗೇ ಗೊತ್ತು. ಯಾರ್ಕ್‌ಷೈರ್‌ನ ಬೆಟ್ಟದ ಮೇಲಿನ ಓಣಿಯೊಂದರ ಕ್ಲಿಫರ್ಡ್ ಓಗ್ಡನ್ ಅರವತ್ತು ದಾಟಿದವನು, ಒಂಟಿ. ಪೂರ್ವದ ಗಾಳಿ ಶುರುವಾಯಿತೆಂದರೆ ಚಹಾದ ಲೋಟ ಹಿಡಿದು ಕಿಟಕಿಯಲ್ಲಿ ನಿಂತು ಬೀದಿದೀಪವನ್ನೇ ದಿಟ್ಟಿಸುವನು. ಹಿಮದ ಮೊದಲ ಎಸಳು ಕಾಣುವುದು ಆ ಬೆಳಕಿನಲ್ಲೇ ಎಂದು ಇವನಂಥವರೆಲ್ಲ ನಂಬಿದ್ದಾರೆ.

ಈ ಸಲ ಸುತ್ತಲಿನ ಊರುಗಳಿಗೆಲ್ಲ ಹಿಮ ಬಿತ್ತು. ಇವನ ಓಣಿಗೆ ಮಾತ್ರ ಒಣ ಚಳಿ. ಫೋನಿನ ಗುಂಪಿನಲ್ಲಿ ಹಿಮಪ್ರಿಯರೆಲ್ಲ ಹುಲ್ಲಿನ ಮೇಲೆ ಅಳತೆಪಟ್ಟಿ ನೆಟ್ಟ ಚಿತ್ರ ಹಾಕಿದ್ದೇ ಹಾಕಿದ್ದು.

“ಏನಯ್ಯಾ ಕ್ಲಿಫ್, ನಿಮ್ಮೋಣಿಗೆ ಹಿಮ ಬರ್ಬೇಕಂದ್ರೆ ಆಮಂತ್ರಣ ಪತ್ರಿಕೆ ಕೊಡ್ಬೇಕೇನು?” ಎಂದು ಅವರಲ್ಲೊಬ್ಬನಾದ ಡೆಸ್ಮಂಡ್ ಕೆಣಕಿದ. ಇಡೀ ಗುಂಪು ನಕ್ಕಿತು.

ಕ್ಲಿಫರ್ಡ್‌ಗೆ ಮೈಯೆಲ್ಲ ಉರಿಯಿತು. ಅವನ ಅಳತೆ ಎಂದೂ ತಪ್ಪಿದ್ದಲ್ಲ. ರಸ್ತೆ ಹೇಗಿದೆಯೆಂದು ತಿಳಿಯಲು ಹಿಮದ ಗೊಡವೆಯಿಲ್ಲದವರೂ ಆ ಗುಂಪು ಸೇರಿದ್ದರು. ಮರುದಿನ ಬೆಳಿಗ್ಗೆ ಎದ್ದವನೇ ಬರೆದುಬಿಟ್ಟ: ‘ಬಂತು! ಮೂರು ಇಂಚು. ಓಣಿ ಮುಚ್ಚಿಹೋಗಿದೆ.’ ಜೊತೆಗೆ ಹಳೆಯ ಚಿತ್ರವೊಂದನ್ನೂ ಅಂಟಿಸಿದ. ಆಮೇಲೆ ಕರಗಿತು ಎಂದರಾಯಿತು ಎಂದುಕೊಂಡ. ಈ ಚಳಿಯಲ್ಲಿ ಕರಗುವುದಿಲ್ಲವೆಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು! ಶಹಬಾಸ್‌ಗಿರಿ ಸುರಿಯತೊಡಗಿತು. ಅದನ್ನು ಓದುತ್ತಾ ಕೂತವನು ತಿಂಡಿಯನ್ನೂ ಮರೆತ.

ಮಧ್ಯಾಹ್ನ ಕಸ ಹಾಕಲು ಹೊರಬಂದಾಗ ಪಕ್ಕದ ಮನೆಯ ಚಿಮಣಿ ಕಣ್ಣಿಗೆ ಬಿತ್ತು. ಹೊಗೆಯಿರಲಿಲ್ಲ. ಅಲ್ಲಿರುವವಳು ತೊಂಬತ್ತರ ಐವಿ. ಕಣ್ಣು ಕಾಣದು, ಒಬ್ಬಳೇ ಏಳಲಾಗದು. ಅವಳನ್ನು ಎಬ್ಬಿಸಿ, ಬೆಂಕಿ ಹಾಕಿ, ಉಣಿಸಿ ಹೋಗಲು ಜನೀನ್ ಎಂಬಾಕೆ ದಿನಾ ಬೆಳಿಗ್ಗೆ ಕೆಳಗಿನ ಊರಿನಿಂದ ಕಾರಿನಲ್ಲಿ ಬರುತ್ತಿದ್ದಳು. ಇವತ್ತು ಆಕೆ ಬಂದಿಲ್ಲವೆಂದು ಕ್ಲಿಫರ್ಡ್‌ಗೆ ಹೊಳೆಯಿತು. ತುರ್ತಿಗೆಂದು ತನ್ನ ಬಳಿಯಿದ್ದ ಐವಿಯ ಮನೆಯ ಕೀಲಿಯಿಂದ ಬಾಗಿಲು ತೆಗೆದು ಒಳಗೆ ಓಡಿದ.

ಮುದುಕಿ ಹಾಸಿಗೆಯಲ್ಲೇ ಇದ್ದಳು. ತುಟಿ ನೀಲಿಗಟ್ಟಿತ್ತು. ಹಾಸಿಗೆ ಒದ್ದೆಯಾಗಿತ್ತು.

“ಕ್ಲಿಫರ್ಡಾ? ಬಂದ್ಯೇನಪ್ಪಾ? ಜನೀನ್ ಫೋನ್ ಮಾಡಿದ್ಲು. ಮೂರಿಂಚು ಬಿದ್ದಿದೆಯಂತೆ, ಕಾರು ಹತ್ತಲ್ಲ ಅಂದ್ಲು. ಯಾರೇ ಹೇಳಿದ್ದು ಅಂದೆ. ಕ್ಲಿಫರ್ಡ್ ಅಂದ್ಲು. ಹಾಗಿದ್ರೆ ನಿಜಾನೇ, ನೀನು ಬರ್ಬೇಡ, ಜಾರಿ ಬಿದ್ದೀಯ ಅಂದೆ. ನನ್ನ ನೋಡ್ಕೋ ಅಂತ ನಿಂಗೆ ಹೇಳಿ ಕಳಿಸ್ತೀನಿ ಅಂದಿದ್ಲು.”

ಜನೀನ್ ಆ ಗುಂಪಿನಲ್ಲೇ ಹೇಳಿಯೂ ಇದ್ದಳು. ಶಹಬಾಸ್‌ಗಿರಿಯ ಸಂತೆಯಲ್ಲಿ ಅವಳ ಒಂದು ಸಾಲು ಅವನ ಕಣ್ಣಿಗೇ ಬಿದ್ದಿರಲಿಲ್ಲ. ನಾಚಿಕೆಯಿಂದ ಅವನ ಕಿವಿ ಕಾದವು. ಐವಿಗೆ ಒಣ ಕಂಬಳಿ ಹೊದಿಸಿದ.

“ಪಾಪ, ಅಷ್ಟು ಹಿಮ ತುಳ್ಕೊಂಡು ಬಂದಿದ್ದೀಯ,” ಎಂದಳು ಐವಿ, ಅವನ ತೋಳು ಸವರುತ್ತಾ. “ಕಾಲು ನೆಂದಿರುತ್ತೆ. ಮೊದ್ಲು ನಿನ್ನ ಕಾಲು ಒಣಗಿಸ್ಕೋ.”

ಅವನಿಗೆ ತಡೆಯಲಾಗಲಿಲ್ಲ. “ಹಿಮ ಬಿದ್ದಿಲ್ಲ, ಐವಿ. ಒಂದು ಚೂರೂ ಬಿದ್ದಿಲ್ಲ.”

ಐವಿ ಕುರುಡುಗಣ್ಣನ್ನು ಕಿಟಕಿಯತ್ತ ತಿರುಗಿಸಿದಳು. ಅವಳ ಗಲ್ಲ ಅದುರಿತು.

“ಹಾಗಾದ್ರೆ ಜನೀನ್ ನಂಗ್ಯಾಕೆ ಸುಳ್ಳು ಹೇಳಿದ್ಲು?”