ಎರಡು ಬೆರಳು ಮೇಲೆ

ಅಲ್ಲಿ, ಮೂವತ್ತೊಂದನೆಯ ಸಾಲಿನ ಮೇಲೆ, ಸಾಮಾನಿನ ಗೂಡಿನ ಮುಚ್ಚಳ ಒಂದು ಎಳೆಯಷ್ಟು ಬಾಯಿ ಬಿಟ್ಟಿದೆ, ನನಗೆ ಕಾಣಿಸಿತು, ಅಂದರೆ ಹೆಡ್‌ಮಿಸ್ಸಿಗೂ ಕಾಣಿಸಿರುತ್ತದೆ — ನನ್ನ ಬೆನ್ನಿಗೇ ಕಾಗದ ಹಿಡಿದು ಬರುವ ಈ ಹಿರಿಯ ಗಗನಸಖಿಗೆ ಮನಸ್ಸಿನಲ್ಲೇ ಆ ಹೆಸರಿಟ್ಟವಳು ನಾನು, ಅವಳ ಭಾಷೆ ನನಗೆ ಅರ್ಧ, ನನ್ನದು ಅವಳಿಗೆ ಸೊನ್ನೆ, ಹುಬ್ಬು ಮಾತ್ರ ಪೂರ್ತಿ ಅರ್ಥವಾಗುತ್ತದೆ — ಇಳಿಯಲು ಇನ್ನು ಹತ್ತು ನಿಮಿಷ, ನನ್ನ ಪರೀಕ್ಷೆಯ ಕೊನೆಯ ಹತ್ತು ನಿಮಿಷ, ಅವಳು ಸಹಿ ಹಾಕಿದರೆ ನಾನು ಈ ಕಂಪನಿಯವಳು, ಹಾಕದಿದ್ದರೆ ಗಂಟುಮೂಟೆ ಕಟ್ಟಿಕೊಂಡು ಊರಿಗೆ, ಮೂರು ತಿಂಗಳು ಕಲಿತದ್ದೆಲ್ಲ ನೀರುಪಾಲು. ನಡೆ, ಓಡಬೇಡ, ನಗುತ್ತ ನಡೆ, ಹದಿನೆಂಟನೆಯ ಸಾಲಿನ ತಾತ ಬೂಟು ಹುಡುಕುತ್ತಿದ್ದಾರೆ, ಕಾಲಿನಿಂದಲೇ ಅವರತ್ತ ತಳ್ಳಿದೆ, ಕಣ್ಣಲ್ಲೇ ಆಶೀರ್ವಾದ ಮಾಡಿದರು, ಒಳ್ಳೆಯದಾಯಿತು, ಇವತ್ತು ಯಾರದಾದರೂ ಬೇಕು. ಮುಚ್ಚಳ ಎತ್ತರದಲ್ಲಿದೆ, ಈ ವಿಮಾನದಲ್ಲಿ ಎಲ್ಲವೂ ಎತ್ತರ, ನಾನೊಬ್ಬಳೇ ಗಿಡ್ಡ, ಹಿಮ್ಮಡಿ ಎತ್ತು, ಭುಜ ಎತ್ತು, ಉಸಿರು ಬಿಡು, ಹೊಟ್ಟೆ ಒಳಗೆ, ಬೆರಳ ತುದಿ — ಊರಿನ ನಮ್ಮ ಮನೆ, ಅಡುಗೆಮನೆಯ ಬಾಗಿಲಿನ ಪಕ್ಕದ ಗೋಡೆ, ಹೊಲಿಗೆ ಯಂತ್ರದ ಪಕ್ಕ, ಮೇಲುಗಡೆ ಆ ನೀಲಿ ಗೆರೆ — ಟಪ್. ಮುಚ್ಚಿತು. ಒಮ್ಮೆ ಒತ್ತಿ ನೋಡು, ಭದ್ರ. ಹಿಂದೆ ತಿರುಗಬೇಡ, ಹುಬ್ಬು ನೋಡಬೇಡ.

ಸೀಟಿಗೆ ಬಂದೆ, ಪ್ರಯಾಣಿಕರಿಗೆ ಎದುರಾಗಿ, ಹೆಡ್‌ಮಿಸ್ ಪಕ್ಕದಲ್ಲೇ, ಬೆಲ್ಟು ಬಿಗಿ, ಅಂಗೈ ಮೇಲಾಗಿ ಎರಡೂ ಕೈ ತೊಡೆಯ ಕೆಳಗೆ, ಇನ್ನು ಮೌನ, ಇನ್ನು ಮನಸ್ಸಿನಲ್ಲಿ ಪಾಠ ಒಪ್ಪಿಸಬೇಕು, ಅವಘಡವಾದರೆ ಏನು ಮಾಡುತ್ತೀ, ಮೊದಲು ಕಿಟಕಿಯಿಂದ ಹೊರಗೆ ನೋಡು, ಬೆಂಕಿ ಇದೆಯೇ, ಆಮೇಲೆ ಬಾಗಿಲಿನ ಹಿಡಿ, ಹಿಡಿಯನ್ನು ಮೇಲಕ್ಕೆ, ಮೇಲಕ್ಕೆ, ಇನ್ನೂ ಒಂಚೂರು ಮೇಲಕ್ಕೆ ಕಣೇ, ಅಮ್ಮನ ಬಾಯಲ್ಲಿ ಪಿನ್ನುಗಳಿವೆ, ಪಿನ್ನುಗಳ ಸಂದಿಯಿಂದಲೇ ಮಾತು, ಇನ್ನೂರ ಹನ್ನೆರಡು ಅಂದ್ರೆ ಇನ್ನೂರ ಹನ್ನೆರಡೇ, ನನ್ನ ಅಳತೆ ಯಾವತ್ತು ತಪ್ಪಿದೆ ಹೇಳು. ವಿಮಾನ ಕಂಪನಿಯವರು ಕೈಯೆತ್ತಿ ಇನ್ನೂರ ಹನ್ನೆರಡು ಸೆಂಟಿಮೀಟರ್ ಮುಟ್ಟಬೇಕು ಎಂದಿದ್ದರು, ಅಮ್ಮ ಸ್ಟೂಲು ಹತ್ತಿ ತನ್ನ ಟೇಪಿನಿಂದ ಗೋಡೆ ಅಳೆದಳು, ನೂರೈವತ್ತಕ್ಕೆ ಟೇಪು ಮುಗಿಯಿತು, ಅಲ್ಲಿ ಹೆಬ್ಬೆರಳಿಟ್ಟು ಮತ್ತೆ ಅರವತ್ತೆರಡು, ಬಟ್ಟೆಗೆ ಗುರುತು ಹಾಕುವ ನೀಲಿ ಚಾಕ್‌ಪೀಸಿನಿಂದ ಒಂದು ಗೆರೆ. ಆರು ತಿಂಗಳು ಹಲ್ಲುಜ್ಜಿದ ಕೂಡಲೇ ಗೋಡೆಗೆ ನಿಲ್ಲುತ್ತಿದ್ದೆ, ಆರು ತಿಂಗಳೂ ಎರಡು ಬೆರಳು ಕಮ್ಮಿ, ಬಾಗಿಲ ಚೌಕಟ್ಟಿಗೆ ಜೋತುಬಿದ್ದೆ, ತಂಗಿ ಕಾಲು ಹಿಡಿದು ಎಳೆದಳು, ಉದ್ದವಾದದ್ದು ಚಡ್ಡಿಯ ಎಲಾಸ್ಟಿಕ್ಕು ಮಾತ್ರ. ಸಂದರ್ಶನದ ದಿನ ಬರಿಗಾಲಲ್ಲಿ ಅವರ ಗೋಡೆಯ ಮುಂದೆ ನಿಂತಾಗ ಅಳುವೇ ಬಂದಿತ್ತು, ಕಣ್ಣು ಮುಚ್ಚಿ ಕೈಯೆತ್ತಿದೆ, ಸಾಕು ಸಾಕು ಎಂದರು, ಕಣ್ಣು ಬಿಟ್ಟರೆ ಅವರ ಗುರುತಿನ ಮೇಲೆ ನನ್ನ ಬೆರಳಿನ ತುದಿಯಲ್ಲ, ಎರಡು ಗೆಣ್ಣಿನಷ್ಟು ಬೆರಳು ಗುರುತು ದಾಟಿ ಕೂತಿತ್ತು. ರಾತ್ರೋರಾತ್ರಿ ಬೆಳೆದೆನೇ? ಬೆಳೆದದ್ದು ನಾನಲ್ಲ, ಟೇಪು. ಸಮವಸ್ತ್ರಕ್ಕೆ ಇಲ್ಲಿಯ ದರ್ಜಿ ಅಳತೆ ತೆಗೆದು ಹೇಳಿದ ಸಂಖ್ಯೆಗೂ ಅಮ್ಮ ಬರೆದುಕೊಟ್ಟ ಸಂಖ್ಯೆಗೂ ತಾಳೆಯೇ ಆಗಲಿಲ್ಲ, ಆಗ ಗೊತ್ತಾಯಿತು, ಅಜ್ಜಿಯ ಕಾಲದ ಬಟ್ಟೆಯ ಟೇಪು, ಎಳೆದೂ ಎಳೆದೂ ಹಿಗ್ಗಿ ಹೋಗಿದೆ. ಅಳತೆಯನ್ನು ಚೀಟಿಯಲ್ಲಿ ಬರೆದು ಕಳಿಸುವ ಬೀದಿಯವರೆಲ್ಲ ನಿಮ್ಮಮ್ಮ ಹೊಲಿದದ್ದು ಹಾಕಿಕೊಂಡರೆ ಗಾಳಿಯಾಡುತ್ತೆ ಎನ್ನುತ್ತಿದ್ದುದು ಇದಕ್ಕೇ. ಹೇಳಲಿಲ್ಲ, ಹೇಗೆ ಹೇಳಲಿ, ಅಮ್ಮನ ಹತ್ತಿರ ಬೇರೆ ಏನು ಹೆಮ್ಮೆ ಇದೆ ಅಳತೆ ಬಿಟ್ಟರೆ. ಸಮವಸ್ತ್ರದ ಫೋಟೋ ನೋಡಿ, ಇಷ್ಟು ಬಿಗಿ ಹೊಲಿದಿದಾರಲ್ಲ, ಅವರಿಗೆ ಅಳತೆ ತಗೊಳ್ಳೋಕೆ ಬರಲ್ವಾ ಎಂದಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ, ಏನಾಯ್ತೇ ಎಂದು ಅವಳಿಗೆ ಗಾಬರಿ.

ಕೆಳಗೆ ಊರು ದೊಡ್ಡದಾಗುತ್ತಿದೆ, ಛಾವಣಿಗಳು, ಬಿಸಿಲು, ಒಣಹಾಕಿದ ಬಟ್ಟೆ ಕೂಡ ಕಾಣುತ್ತದೆ, ಯಾರ ಅಳತೆಯವೋ, ಪಾಠ ಒಪ್ಪಿಸು, ಬಾಗಿಲಿನ ಹಿಡಿ ಮೇಲಕ್ಕೆ, ಕೂಗು, ಬನ್ನಿ ಹಾರಿ — ಹೆಡ್‌ಮಿಸ್ ಮುಂದಕ್ಕೇ ನೋಡುತ್ತ ಏನೋ ಹೇಳಿದಳು, ಮುಂದಿನ ವಿಮಾನದಲ್ಲಿ ನಿನ್ನ ಪಕ್ಕ ನಾನಿರುವುದಿಲ್ಲ, ಮುಗಿಯಿತು, ಗಂಟುಮೂಟೆ, ಆಮೇಲೆ ಉಳಿದ ಅರ್ಧ ಬಂತು, ನೀನೊಬ್ಬಳೇ ಸಾಕು, ಇಳಿದ ಮೇಲೆ ಸಹಿ ಹಾಕುತ್ತೇನೆ, ಆ ಹುಬ್ಬು ಕೊನೆಗೂ ಕೆಳಗಿಳಿದು ಕಣ್ಣಿನ ಪಕ್ಕ ಮನೆ ಸೇರಿದೆ. ಅಯ್ಯೋ ದೇವರೇ, ಕೈ ತೊಡೆಯ ಕೆಳಗಿದೆ, ಚಪ್ಪಾಳೆ ತಟ್ಟುವ ಹಾಗಿಲ್ಲ, ಕುಣಿಯುವ ಹಾಗಿಲ್ಲ, ಬೆಲ್ಟಿನೊಳಗೇ ಖುಷಿಪಡು, ಹದಿನೆಂಟನೆಯ ಸಾಲಿನ ತಾತ ನನ್ನ ಮುಖ ನೋಡಿ ಸುಮ್ಮನೆ ನಗುತ್ತಿದ್ದಾರೆ, ಅವರಿಗೇನು ಗೊತ್ತು, ಬಾಗಿಲು ತೆರೆದ ಕೂಡಲೇ ಫೋನು, ಮೊದಲು ಅಮ್ಮನಿಗೆ, ಇಲ್ಲ ಮೊದಲು ತಂಗಿಗೆ, ಬೆಳಿಗ್ಗೆ ಫೋನಿನಲ್ಲಿ ಅವಳು ಅತ್ತುಬಿಟ್ಟಿದ್ದಳು, ಅವಳೂ ಬರಬೇಕಂತೆ ಈ ಕೆಲಸಕ್ಕೆ, ದಿನಾ ಗೋಡೆಗೆ ನಿಲ್ಲುತ್ತಾಳೆ, ಗೋಡೆಗೆ ಸುಣ್ಣ ಬಳಿಯುವವರು ಬಂದಾಗ ಅಮ್ಮ ಅಡ್ಡ ನಿಂತು ಅದೊಂದು ಜಾಗ ಮುಟ್ಟಬೇಡಿ ಎಂದಳಂತೆ, ಮನೆಯೆಲ್ಲ ಬೆಳ್ಳಗೆ, ನಡುವೆ ಅಂಗೈಯಗಲ ಹಳೆಯ ಗೋಡೆ, ಎರಡು ಬೆರಳು ಕಮ್ಮಿ ಬೀಳ್ತಿದೆ ಅಕ್ಕಾ, ನಿಜ ಹೇಳು, ನೀನು ಹೇಗೆ ಮುಟ್ಟಿದೆ. ಹೇಳುತ್ತೇನೆ ಕಣೇ, ಅಮ್ಮನ ಕಿವಿಗೆ ಬೀಳದ ಹಾಗೆ ಹೇಳುತ್ತೇನೆ, ಚಕ್ರ ನೆಲ ಮುಟ್ಟಿತು, ಮೈಯೆಲ್ಲ ಗಡಗಡ, ನಾನು ಮುಟ್ಟಿಲ್ಲ, ಇವತ್ತಿನವರೆಗೂ ಒಂದು ಸಲವೂ ಮುಟ್ಟಿಲ್ಲ, ಅಂಗೈಯಗಲ ಹಳೆಯ ಗೋಡೆಯ ಮೇಲೆ, ನನ್ನ ಬೆರಳಿಗಿಂತ ಎರಡು ಬೆರಳು ಮೇಲೆ, ಆ ನೀಲಿ ಗೆರೆ —