ಇನ್ನೊಂದು ಮೆಟ್ಟಿಲು ಕೆಳಗೆ

ರಾಜಕುಮಾರ ಹುನ್ನೂರಿನ ಹೊಲದ ಬಾವಿಯಲ್ಲಿ ಬಿದ್ದು ಬೆನ್ನುಮೂಳೆ ಮುರಿದುಕೊಂಡು ಏಳು ತಿಂಗಳಾಗಿತ್ತು. ಕಾಲು ಜಾರಿತು ಎಂದೇ ಎಲ್ಲರೂ ನಂಬಿದ್ದರು. ಅವನ ಹೆಂಡತಿ ನಂದಾ ಕೂಡ ಹಾಗೇ ನಂಬಿದ್ದಳು. ಕಾಲು ಜಾರಿದ್ದು ಸುಳ್ಳಲ್ಲ. ಆದರೆ ಅದಕ್ಕೂ ಮೊದಲು ಬಾವಿಯ ಮೇಲಿನಿಂದ ಒಂದು ಮಾತು ಬಂದಿತ್ತು. ಆ ಮಾತು ಆಡಿದವನು ನಂದಾಳ ತಮ್ಮ ಅಜಯ.

ಅಜಯ ಬನಹಟ್ಟಿಯಲ್ಲಿ ಹಾವಸೆಯ, ಅಂದರೆ ಕಲ್ಲುಗೋಡೆಗೆ ಬೆಳೆಯುವ ಪಾಚಿಯ, ಚಿತ್ರ ಮಾಡುತ್ತಿದ್ದ. ಹಳೆಯ ಕೈಮಗ್ಗದ ಕಟ್ಟಿಗೆ, ಕೆಡವಿದ ಮನೆಗಳ ಬಾಗಿಲು ತಂದು ಹಲಗೆ ಕೊಯ್ದು, ಉಳಿಯಿಂದ ಕೆತ್ತಿ, ತಗ್ಗುಗಳಲ್ಲಿ ಹಾವಸೆ, ಜಾಲಿ ತೊಗಟೆ, ಹೊಳೆಯ ಹರಳು ಕೂಡಿಸುತ್ತಿದ್ದ. ಗ್ಲಿಸರಿನ್ನಿನಲ್ಲಿ ನೆನೆಸಿದ ಹಾವಸೆ ನೆರಳಿನಲ್ಲಿದ್ದರೆ ವರ್ಷಗಟ್ಟಲೆ ಮೆತ್ತಗೆ, ಹಸಿರಾಗಿ ಉಳಿಯುತ್ತಿತ್ತು. ರಾಜಕುಮಾರ ಬಿದ್ದ ಆ ಬೇಸಿಗೆಯಲ್ಲಿ ಆರು ಅಡಿ ಉದ್ದದ ಸಾಗವಾನಿ ಹಲಗೆಯ ಮೇಲೆ ಕೃಷ್ಣಾ ನದಿಯ ದಂಡೆ ಕೆತ್ತಿದ್ದ. ಅಷ್ಟು ದೊಡ್ಡದನ್ನು ಅವನು ಎಂದೂ ಮಾಡಿರಲಿಲ್ಲ. ದಂಡೆಗೆ ಹಾವಸೆ ಸಾಲಲಿಲ್ಲ. ಬಿಸಿಲಿಗೆ ಎಲ್ಲೆಲ್ಲೂ ಒಣಗಿ ಪುಡಿಯಾಗಿತ್ತು. ಆಳದ ಬಾವಿಗಳ ಗೋಡೆಯಲ್ಲಿ ಮಾತ್ರ ಉಳಿದಿತ್ತು.

ಬಾವಿಯ ಮೆಟ್ಟಿಲಿಳಿಯಲು ಕಾಲಿಟ್ಟರೆ ಸಾಕು, ಅಜಯನಿಗೆ ತಲೆ ಸುತ್ತುತ್ತಿತ್ತು. ರಾಜಕುಮಾರ ಪವರ್‌ಲೂಮ್ ರಿಪೇರಿ ಮಾಡುವವನು, ಗಟ್ಟಿ ಆಳು. "ನೀ ಮ್ಯಾಲ ನಿಂತ ತೋರಸು, ನಾ ಇಳೀತೇನಿ" ಎಂದು ರಜೆಯ ದಿನ ಜೊತೆಗೆ ಬಂದ. ಚೀಲ ಅರ್ಧ ತುಂಬಿತ್ತು, ಅಷ್ಟೇ ಹಾವಸೆಯಲ್ಲಿ ಕೆಲಸ ಮುಗಿಯುತ್ತಿತ್ತು. ಆದರೆ ಇನ್ನೂ ಕೆಳಗೆ, ನೀರು ಜಿನುಗುವಲ್ಲಿ, ದಟ್ಟ ಹಾವಸೆ ಅಜಯನ ಕಣ್ಣಿಗೆ ಬಿತ್ತು.

"ಸಾಕೇನಲೇ?" ಎಂದು ರಾಜಕುಮಾರ ಕೂಗಿದ.

"ಮಾಮಾ, ಇನ್ನೊಂದ ಮೆಟ್ಟಲ ಕೆಳಗ ಇಳೀರಿ. ಅಲ್ಲಿ ದಪ್ಪ ಐತಿ."

"ಭಾಳ ಜಾರತೈತೋ ಇಲ್ಲಿ."

"ಒಂದ ಮೆಟ್ಟಲರಿ, ಮಾಮಾ."

ರಾಜಕುಮಾರ ಇಳಿದ.

ಆಸ್ಪತ್ರೆಯಿಂದ ರಬಕವಿಯ ಮನೆಗೆ ಬಂದಾಗ ಅವನಿಗೆ ಸೊಂಟದ ಕೆಳಗೆ ಏನೂ ತಿಳಿಯುತ್ತಿರಲಿಲ್ಲ. ಅಂದಿನಿಂದ ಅಜಯ ದಿನಾ ಮುಂಜಾನೆ ಬರುತ್ತಿದ್ದ. ಮಾಮಾನನ್ನು ಎತ್ತಿ ಕೂರಿಸಿ, ಮೈ ಒರೆಸಿ, ಬೆನ್ನು ಹುಣ್ಣಾಗದಂತೆ ಎಣ್ಣೆ ತಿಕ್ಕಿ, ಮಗ್ಗುಲು ಬದಲಿಸುತ್ತಿದ್ದ. ಚಿತ್ರದ ಕೆಲಸ ನಿಂತೇಹೋಗಿತ್ತು. "ನಿನ್ನಂಥಾ ತಮ್ಮ ಯಾರಿಗಿ ಸಿಗತಾನಪಾ" ಎಂದು ನಂದಾ ಅನ್ನುವಾಗಲೆಲ್ಲ ಅವನಿಗೆ ಅಲ್ಲಿಂದ ಓಡಿಹೋಗಬೇಕು ಅನ್ನಿಸುತ್ತಿತ್ತು.

ಒಂದು ದಿನ ನಂದಾ ನೀರಿಗೆ ಹೋಗಿದ್ದಾಗ ಅಜಯ ಹೇಳಿದ: "ಮಾಮಾ, ನನಗ ಇನ್ನ ಆಗೂದಿಲ್ಲರಿ. ಅಕ್ಕಗ ಎಲ್ಲಾ ಹೇಳಿ ಬಿಡತೇನಿ."

ರಾಜಕುಮಾರ ಬಾಗಿಲ ಕಡೆ ಒಮ್ಮೆ ನೋಡಿದ. ಆಮೇಲೆ ಅಂದ: "ಹೇಳಿದ್ರ ನಿನಗ ಹಗರ ಆಗತೈತಿ. ಆಕಿಗಿ? ನನ್ನ ಎತ್ತಾಕ ನೀ ಒಬ್ಬಾವ ಬರತಿ. ಆಕಿ ನಿನ್ನ ಹೊರಗ ಹಾಕಿದ್ರ ಒಬ್ಬಾಕಿನ ಸಾಯತಾಳ. ಬಾಯಿ ಮುಚ್ಚಗೊಂಡ ಇರು." ಮತ್ತೆ, "ಆ ಹಲಗಿ ತಗೊಂಡ ಬಾ. ನನ್ನ ಕೈ ಇನ್ನಾ ಸತ್ತಿಲ್ಲ" ಎಂದ.

"ಅದನ್ನ ಸುಟ್ಟ ಹಾಕಬೇಕಂತ ಮಾಡೇನ್ರಿ."

"ಸುಟ್ಟರ ನಾ ಬಿದ್ದದ್ದು ಯಾತಕ್ಕಲೇ?"

ಅಜಯ ಹಲಗೆಯನ್ನೂ, ಅಂದು ಬಾವಿಯಿಂದ ತಂದು ಗ್ಲಿಸರಿನ್ನಿನಲ್ಲಿ ನೆನೆಸಿಟ್ಟಿದ್ದ ಅರ್ಧ ಚೀಲ ಹಾವಸೆಯನ್ನೂ ತಂದ. ಮಂಚಕ್ಕೆ ಅಡ್ಡಲಾಗಿ ನಿಲ್ಲುವಂತೆ ಬೇವಿನ ಕಟ್ಟಿಗೆಯ ಚೌಕಟ್ಟು ಮಾಡಿಕೊಟ್ಟ. ಮಗ್ಗದ ಸಣ್ಣ ಸ್ಕ್ರೂ ಹಿಡಿದು ಪಳಗಿದ ಬೆರಳುಗಳಿಂದ ರಾಜಕುಮಾರ ಚಿಮಟ ಹಿಡಿದು ಒಂದೊಂದೇ ಎಸಳು ಹಾವಸೆ ಕೂಡಿಸತೊಡಗಿದ. ದಿನಕ್ಕೆ ಅಂಗೈಯಷ್ಟು ದಂಡೆ ಹಸಿರಾಗುತ್ತಿತ್ತು.

ಹತ್ತು ದಿನವಾಗಿರಬೇಕು. ಚಹಾ ತಂದ ನಂದಾ ಗಂಡ ತನ್ನಷ್ಟಕ್ಕೆ ನಗುವುದನ್ನು ಕಂಡಳು. ಏಳು ತಿಂಗಳಲ್ಲಿ ಮೊದಲ ಸಲ. ಕಪ್ಪು ಕೆಳಗಿಟ್ಟು ಸೀದಾ ಅಜಯನ ಹತ್ತಿರ ಬಂದು, "ಸಣ್ಣಾವ ಇದ್ರ ಏನಾತು, ನಿನ್ನ ಕಾಲ ಮುಟ್ಟಬೇಕೋ" ಎನ್ನುತ್ತ ಬಾಗಿದಳು.

ಅಜಯ ಹಿಂದಕ್ಕೆ ಹಾರಿದ. "ಮುಟ್ಟಬ್ಯಾಡ ಅಕ್ಕಾ! ನಾನ ಇಳಿಸಿದ್ನಿ. ಮಾಮಾ ಜಾರತೈತಿ ಅಂದ್ರು, ನಾನ ಕೆಳಗ ಇಳೀರಿ ಅಂದ್ನಿ. ಎರಡ ಸಲ ಅಂದ್ನಿ."

ನಂದಾ ನಿಧಾನ ನೆಟ್ಟಗಾಗಿ ಗಂಡನ ಕಡೆ ನೋಡಿದಳು. ಅವನು ಕಣ್ಣು ಮುಚ್ಚಿಕೊಂಡಿದ್ದ.

"ನಿಮಗ ಗೊತ್ತಿತ್ತು," ಎಂದಳು. "ಇಬ್ಬರಿಗೂ ಗೊತ್ತಿತ್ತು. ನನ್ನ ಬಾಯಿಲೆ ಇವನ್ನ ಹೊಗಳಿಸಿಗೋತ ಕುಂತ್ರಿ."

"ನಂದಾ, ನಿನ್ನ ಸಲುವಾಗಿನ..."

"ನನ್ನ ಹೆಸರ ತಗೀಬ್ಯಾಡ್ರಿ." ಆಮೇಲೆ ತಮ್ಮನ ಕಡೆ ನೋಡದೆಯೇ, "ಹೋಗು" ಎಂದಳು.

ಮರುದಿನ ಬಾಗಿಲು ತೆರೆಯಲಿಲ್ಲ. ಅಜಯ ಓಣಿಯಲ್ಲಿ ನಿಂತ. ಒಳಗೆ ಮಂಚ ಕಿರುಗುಟ್ಟುವುದು, ಅಕ್ಕ ಏದುಸಿರು ಬಿಡುವುದು ಕೇಳಿಸುತ್ತಿತ್ತು. "ಅಕ್ಕಾ, ಬಾಗಲಾ ತಗಿ. ಎತ್ತಿ ಹೋಗತೇನಿ, ಅಷ್ಟ" ಎಂದು ಬೇಡಿದ. ನಾಲ್ಕು ದಿನ ಹೀಗೇ ನಡೆಯಿತು. ನಾಲ್ಕೂ ದಿನ ಅವನು ಮಧ್ಯಾಹ್ನದವರೆಗೆ ಕಟ್ಟೆಯ ಮೇಲೆ ಕೂತು ಎದ್ದುಹೋದ.

ಐದನೆಯ ದಿನ ಒಳಗೆ ಧೊಪ್ಪೆಂದು ಸದ್ದಾಯಿತು. ಅಜಯ ಎರಡೂ ಕೈಯಿಂದ ಬಾಗಿಲು ಬಡಿದ. ಅಗಳಿ ತೆರೆಯಿತು. ರಾಜಕುಮಾರ ನೆಲದ ಮೇಲೆ ಬಿದ್ದಿದ್ದ. ನಂದಾ ಬಾಗಿಲಿನಿಂದ ಪಕ್ಕಕ್ಕೆ ಸರಿದಳು.

"ಎತ್ತು," ಎಂದಳು.

ಇಬ್ಬರೂ ಕೂಡಿ ಎತ್ತಿ ಮಂಚದ ಮೇಲೆ ಬೋರಲು ಮಲಗಿಸಿದರು. ಬೆನ್ನಿನ ಬುಡದಲ್ಲಿ ಅಂಗೈಯಗಲ ಹುಣ್ಣಾಗಿತ್ತು. ಐದು ದಿನ ಸರಿಯಾಗಿ ಮಗ್ಗುಲು ಬದಲಿಸಲು ಆಗಿರಲಿಲ್ಲ. ಅದನ್ನು ನೋಡಿ ಅಜಯ ಬಿಕ್ಕಿ ಅಳತೊಡಗಿದ.

"ಇಲ್ಲಿ ಅಳಬ್ಯಾಡ," ಎಂದಳು ನಂದಾ. "ಮುಂಜಾನಿ ಏಳಕ್ಕ ಬಾ. ಎತ್ತು, ಹೋಗು. ನನಗ ಅಕ್ಕಾ ಅನಬ್ಯಾಡ."

ರಾಜಕುಮಾರ ದಿಂಬಿನಲ್ಲಿ ಮುಖವಿಟ್ಟೇ ಕೇಳಿದ: "ಹಲಗಿ ಎಲ್ಲೈತಿ?"

ಹಲಗೆಯನ್ನು ಆಕೆ ಹಿತ್ತಲಿಗೆ ಎಸೆದಿದ್ದಳು. ಬಿಸಿಲಿಗೆ ಹಾವಸೆ ಹಳದಿಯಾಗಿ, ಅಂಚಿನಲ್ಲಿ ಉದುರಿತ್ತು. ನಂದಾ ತಾನೇ ಅದನ್ನು ಎಳೆದು ತಂದು ಮಂಚಕ್ಕೆ ಆನಿಸಿ ಇಟ್ಟಳು. ಗಂಡ ಮಲಗಿದಲ್ಲಿಂದಲೇ ಕೈ ಚಾಚಿ ಸತ್ತ ಹಾವಸೆಯನ್ನು ಉಗುರಿನಿಂದ ಕೆರೆದು ತೆಗೆಯತೊಡಗಿದ. ಆಕೆ ಬಿಸಿನೀರು ತಂದು ಹುಣ್ಣು ತೊಳೆಯಲು ಕೂತಳು. ಅಜಯ ಇನ್ನೂ ನಿಂತೇ ಇದ್ದ. ತಲೆ ಎತ್ತದೆ ಆಕೆ ಬಾಗಿಲ ಕಡೆ ಕೈ ತೋರಿದಳು. ಅವನು ಹೋದ.

ಮರುದಿನ ಏಳಕ್ಕೆ ಬಂದಾಗ ಬಾಗಿಲಿಗೆ ಅಗಳಿ ಹಾಕಿರಲಿಲ್ಲ. ಯಾರೂ ಬಾ ಎನ್ನಲಿಲ್ಲ. ಅವನು ಒಳಗೆ ಹೋಗಿ ಮಾಮಾನ ತೋಳುಗಳ ಕೆಳಗೆ ಕೈ ಹಾಕಿದ.